ಕತ್ತಲೆಗೆ ಎಷ್ಟು ಮಾರ್ಕ್ಸು?

"ಇನ್ನೊಂದು ವಾರ ಬಿಟ್ಟು ಬರ್ರಿ ಟೀಚರ್, ಕತ್ತಲೆ ಇನ್ನೂ ಸರಿ ಬಂದಿಲ್ಲ" ಎಂದು ಕೊಟ್ರೇಶ್ ಹೇಳಿದಾಗಲೆಲ್ಲ ಶಿವಲೀಲಾಗೆ ಒಳಗೊಳಗೇ ಖುಷಿ. ಒಂದು ಮದುವೆ ಡಿವಿಡಿಯನ್ನು ಮೊಬೈಲಿಗೆ ಹಿಡಿಸುವಷ್ಟು ಚಿಕ್ಕದು ಮಾಡಿಕೊಡಲು ಯಾರಾದರೂ ಇಷ್ಟು ವಾರ ತಗೊಳ್ಳುತ್ತಾರೆಯೇ? ನೆಪ, ಶುದ್ಧ ನೆಪ ಎಂದುಕೊಂಡಿದ್ದಳು. ನೆಪವೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕೊಟ್ರೇಶನ ವಿಡಿಯೋ ಸ್ಟುಡಿಯೋ. ಹಳೇ ಮದುವೆ ಡಿವಿಡಿಗಳನ್ನು ಮೊಬೈಲಿಗೆ ಹಾಕಿಕೊಡಲಾಗುವುದು ಎಂದು ಹೊರಗೆ ಬೋರ್ಡು. ಅದೇ ಊರಿನ ಹೈಸ್ಕೂಲಿನಲ್ಲಿ ಶಿವಲೀಲಾ ಗಣಿತದ ಟೀಚರು. ಶನಿವಾರ ಶಾಲೆ ಬಿಟ್ಟ ಮೇಲೆ ಸಾಸ್ವೆಹಳ್ಳಿಯ ಮನೆಗೆ ಹೋಗುವವಳು, ಒಂದು ಸಲ ಅಕ್ಕನ ಮದುವೆಯ ಡಿವಿಡಿ ತಂದುಕೊಟ್ಟಿದ್ದಳು. ಅದರ ಒಂದು ಮೂಲೆಯಲ್ಲಿ, ಚಪ್ಪರದ ಮಬ್ಬಿನಲ್ಲಿ, ಅಜ್ಜಿ ಗಾದ್ರಮ್ಮ ಕೂತು ಸೋಬಾನೆ ಪದ ಹೇಳುತ್ತಾಳೆ. ಅಜ್ಜಿ ಈಗಿಲ್ಲ. ಅವಳ ದನಿ, ಮುಖ ಬೇರೆಲ್ಲೂ ಉಳಿದಿಲ್ಲ.

"ಅಜ್ಜಿ ಕಾಣಬೇಕು, ಅಷ್ಟೇ" ಎಂದಿದ್ದಳು.

"ಕಾಣಂಗೆ ಮಾಡ್ತೀನಿ. ಆದ್ರೆ ನೀವು ನನಗೆ ಸಹಾಯ ಮಾಡಬೇಕು" ಎಂದಿದ್ದ ಅವನು.

ಅವನ ಹತ್ತಿರ ವಿಡಿಯೋ ಕುಗ್ಗಿಸುವ ಮೂರು ಸಾಫ್ಟ್‌ವೇರ್ ಇದ್ದವು. ಒಂದು ಪುಕ್ಕಟೆ ಸಿಕ್ಕಿದ್ದು, ಒಂದು ದುಡ್ಡು ಕೊಟ್ಟು ತಂದದ್ದು, ಇನ್ನೊಂದು ಜೊತೆಗೆ ಕ್ಯಾಮೆರಾ ಹಿಡಿಯುವ ಭೀಮೇಶ್ ಎಲ್ಲಿಂದಲೋ ಇಳಿಸಿಕೊಂಡಿದ್ದು. ಒಂದೇ ತುಣುಕನ್ನು ಮೂರಕ್ಕೂ ಹಾಕುವುದು, ಯಾವುದು ಬೇಗ ಮುಗಿಸಿತು, ಯಾವುದು ಎಷ್ಟು ಚಿಕ್ಕದಾಗಿಸಿತು ಎಂದು ಮೊದಲು ನೋಡುವುದು. ಆಮೇಲೆ ಸೀರೆಯ ಬಣ್ಣ, ದೀಪದ ಕುಡಿ, ಮುಖ, ಕತ್ತಲೆ ಒಂದೊಂದಕ್ಕೂ ಹತ್ತಕ್ಕೆ ಮಾರ್ಕ್ಸು.

"ಹೆಸರು ಗೊತ್ತಾದ್ರೆ ಕಣ್ಣು ಮೋಸ ಮಾಡ್ತೈತ್ರಿ. ದುಡ್ಡು ಕೊಟ್ಟಿದ್ದೇ ಚೆಂದ ಕಾಣ್ತೈತೆ. ಅದಕ್ಕೇ ಯಾವುದು ಅಂತ ಹೇಳದಂಗೆ ನೀವು ಹಾಕ್ತಾ ಹೋಗ್ರಿ, ನಾನು ಮಾರ್ಕ್ಸ್ ಹೇಳ್ತೀನಿ."

"ಮಾರ್ಕ್ಸ್ ಹಾಕೋದು ನನ್ನ ಕೆಲಸ, ರೀ."

"ಇಲ್ಲಿ ನಾನೇ ಮೇಷ್ಟ್ರು."

ಹೀಗೆ ಅವಳಿಗೆ ಅವನ ಪಕ್ಕದ ಸ್ಟೂಲು ಕಾಯಂ ಆಯಿತು. ಊರೆಲ್ಲ ಅವನನ್ನು ಕೊಟ್ರೇಶಣ್ಣ ಎನ್ನುತ್ತಿತ್ತು. ಅವಳು ಮಾತ್ರ ಅಪ್ಪಿತಪ್ಪಿಯೂ ಅಣ್ಣ ಎನ್ನಲಿಲ್ಲ. ಮೌಸು ಒತ್ತುತ್ತಾ ಓರೆಗಣ್ಣಲ್ಲಿ ಅವನನ್ನು ನೋಡುವಳು. ನೆಟ್ಟಗಿನ ಮೂಗು, ಒಂದು ದಿನ ತಡವಾಗಿ ಬೋಳಿಸಿದ ಗಡ್ಡ, ಯೋಚಿಸುವಾಗ ಕಚ್ಚಿಕೊಳ್ಳುವ ಕೆಳತುಟಿ. ಹೊಸ ಬಳೆ ಹಾಕಿದ ದಿನ ಬೇಕಂತಲೇ ಕೈಯನ್ನು ಮೇಜಿನ ಅಂಚಿಗೆ ಇಟ್ಟಳು. ಅವನು ಒಂದು ಸಲವೂ ತಿರುಗಲಿಲ್ಲ. ಏನು ಬಿಗುಮಾನವಪ್ಪಾ ಎಂದುಕೊಂಡಳು. ಆ ಬಿಗುಮಾನವೂ ಅವಳಿಗೆ ಹಿಡಿಸಿಬಿಟ್ಟಿತ್ತು.

ಪ್ರೀತಿ ಶುರುವಾದಾಗ ಮನುಷ್ಯರು ಎಷ್ಟು ದಡ್ಡರಾಗುತ್ತಾರೆ ನೋಡಿ. ಪಕ್ಕದಿಂದ ಚಹಾದ ಲೋಟ ಚಾಚಿದರೆ ಅವನ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು. ಅವಳು ನಕ್ಕಳು. ದಿನಾ ಅದೇ ಜಾಗದಲ್ಲಿರುವ ಕ್ಯಾಮೆರಾ ಸ್ಟ್ಯಾಂಡಿಗೆ ಎಡವಿದ. ಆಗಲೂ ನಕ್ಕಳು.

"ನಿಮ್ಮ ಕಣ್ಣು ಎಲ್ಲಿರ್ತಾವೆ ರೀ?"

"ಸ್ಕ್ರೀನಿನ ಮೇಲೆ."

ಒಂದು ಶನಿವಾರ ಅವನ ಹಣೆ ಊದಿಕೊಂಡಿತ್ತು, ಹೊರಗೆ ಬೈಕಿನ ಹೆಡ್‌ಲೈಟು ಒಡೆದಿತ್ತು. ಹೊನ್ನಾಳಿ ರಸ್ತೆಯಲ್ಲಿ ಸಂಜೆ ಎಮ್ಮೆ ಅಡ್ಡ ಬಂತು ಎಂದ. "ಅಡ್ಡ ಎಲ್ಲಿ ಬಂತು? ಅದು ರಸ್ತೆ ಬದಿಗೆ ತನ್ನ ಪಾಡಿಗೆ ನಿಂತಿತ್ತು. ಇವನೇ ಹೋಗಿ ಗುದ್ದಿದ" ಎಂದು ಭೀಮೇಶ್ ನಕ್ಕ. ಕೊಟ್ರೇಶ್ ನಗಲಿಲ್ಲ. ಆವತ್ತು ಶಿವಲೀಲಾ ಕೂಡ ನಗಲಿಲ್ಲ. ಆದರೂ ಕೇಳಲಿಲ್ಲ.

ಉತ್ತರ ಪತ್ರಿಕೆ ತಿದ್ದುವುದಿದ್ದ ಶನಿವಾರ ಅವಳು ಬರುವ ಹೊತ್ತಿಗೆ ಸಂಜೆಯಾಗಿತ್ತು. ನ್ಯಾಮತಿಯಲ್ಲಿ ಒಂದು ಆರತಕ್ಷತೆ ಶೂಟ್ ಮಾಡಬೇಕಿತ್ತು. ಬೈಕು ಬಾಗಿಲಲ್ಲಿ ಸಿದ್ಧವಾಗಿ ನಿಂತಿತ್ತು, ಕ್ಯಾಮೆರಾ ಬ್ಯಾಗು ಮೇಜಿನ ಮೇಲಿತ್ತು.

"ಬೇಗ ಒಂದು ರೌಂಡ್ ಹಾಕ್ರಿ, ಹೊರಡ್ತೀನಿ" ಎಂದು ಅವನು ಲೈಟು ಆರಿಸಿ ಕೂತ.

ಮೊದಲನೆಯ ತುಣುಕು. "ಸೀರೆಗೆ ಎಂಟು. ಮುಖಕ್ಕೆ ಏಳು. ಕತ್ತಲೆಗೆ ಸೊನ್ನೆ." ಎರಡನೆಯದು. "ಮುಖಕ್ಕೆ ಆರು. ಕತ್ತಲೆಗೆ ಸೊನ್ನೆ."

ಶಿವಲೀಲಾಗೆ ತುಂಟತನ ಬಂತು. ಮೂರನೆಯ ಸಾಫ್ಟ್‌ವೇರಿನ ತುಣುಕು ಬಿಟ್ಟು, ಡ್ರೈವಿನಲ್ಲಿದ್ದ ಅಸಲಿ ಡಿವಿಡಿಯನ್ನೇ ಹಾಕಿದಳು. ಈ ಸಲ ಸಿಕ್ಕಿಬೀಳ್ತಾನೆ, ನೆಪ ಬಯಲಾಗ್ತದೆ ಎಂದು ತುಟಿ ಕಚ್ಚಿ ನಗು ತಡೆದುಕೊಂಡಳು.

ಅವನು ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದ. "ಇದಕ್ಕೂ ಅದೇ ರೋಗ. ಆ ಮೂಲೆ ನೋಡ್ರಿ, ಡಾಂಬರು ಬಳಿದಂಗೈತೆ. ಅಂಚಿನಾಗೆಲ್ಲ ಮಿಣಮಿಣ ಅಂತ ಹುಳ ಹರಿದಂಗೆ. ಸೊನ್ನೆ ಹಾಕ್ರಿ."

ಅವಳು ಆ ಮೂಲೆಯನ್ನು ಇನ್ನೊಮ್ಮೆ ನೋಡಿದಳು. ಅಜ್ಜಿ ಅವಳಿಗೆ ಚೆನ್ನಾಗಿ ಕಾಣುತ್ತಿದ್ದಳು. ಎಲೆಯಡಿಕೆಗೆ ಕೆಂಪಾದ ತುಟಿ, ಮೂಗುಬೊಟ್ಟು, ತಾಳಕ್ಕೆ ತೊಡೆ ತಟ್ಟುವ ಕೈ. ಮೊದಲ ವಾರದಿಂದಲೂ, ಮೂರೂ ಸಾಫ್ಟ್‌ವೇರಿನಲ್ಲೂ, ಅಜ್ಜಿ ಹೀಗೇ ಕಂಡಿದ್ದಳು.

ಅವಳು ಮೆಲ್ಲಗೆ ತನ್ನ ಕೈಯನ್ನು ಅವನ ಕಿವಿಯ ಪಕ್ಕಕ್ಕೆ ಎತ್ತಿ ಬೆರಳು ಆಡಿಸಿದಳು. ಅವನು ಮಿಸುಕಲಿಲ್ಲ. ಇನ್ನೂ ಮುಂದೆ ತಂದಳು, ಕಣ್ಣಿನ ಕೊನೆಗೆ, ರೆಪ್ಪೆಯ ಹತ್ತಿರಕ್ಕೆ. ಹೆಚ್ಚುಕಡಿಮೆ ಮೂಗಿನ ಮುಂದೆ ಬಂದಾಗ ಬೆಚ್ಚಿಬಿದ್ದ.

"ಏನ್ರಿ ಅದು?"

ಅವಳು ಕದ್ದು ನೋಡಿದ ನೋಟಗಳಲ್ಲಿ ಒಂದೂ ಅವನನ್ನು ಮುಟ್ಟಿರಲಿಲ್ಲ. ಆ ಬಳೆಗಳನ್ನು ಅವನು ನೋಡಿಯೇ ಇರಲಿಲ್ಲ.

"ಈಗ ಹಾಕಿದ್ದು ಸಾಫ್ಟ್‌ವೇರಿಂದಲ್ಲ" ಎಂದಳು. "ಅಸಲಿ ಡಿವಿಡಿ."

"ಹಂಗಾದ್ರೆ ಡಿವಿಡಿನೇ ಕೆಟ್ಟೈತೆ."

"ಕೆಟ್ಟಿಲ್ಲ. ಅಜ್ಜಿ ಮೂಗುಬೊಟ್ಟು ಸೈತ ಕಾಣ್ತೈತೆ ನನಗೆ."

"ಮಾನಿಟರ್ ಹಳೇದು, ಅದಕ್ಕೆ..."

"ಮಾನಿಟರೂ ಅಲ್ಲ, ರೀ."

ಅವನು ಎದ್ದ. ಬ್ಯಾಗು ಹೆಗಲಿಗೇರಿಸಿ, ಮೇಜಿನ ಮೇಲೆ ಬೈಕಿನ ಕೀಲಿಗಾಗಿ ಅಂಗೈ ಸವರಿದ. "ಹೊತ್ತಾತು. ನ್ಯಾಮತಿ ಜನ ಕಾಯ್ತಿರ್ತಾರೆ." ಕೀಲಿ ಅವನ ಬೆರಳಿಗಿಂತ ಒಂದು ಗೇಣು ಆಚೆ, ಎದುರಿಗೇ ಬಿದ್ದಿತ್ತು. ಶಿವಲೀಲಾ ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೊಡ್ರಿ."

"ಹೊಳೆ ಸೇತುವೆ ದಾಟಬೇಕು, ಈ ಹೊತ್ತಿನಾಗೆ. ಕೊಡಲ್ಲ."

"ಟೀಚರ್, ನನ್ನ ದುಡಿಮೆ ಅದು!"

"ನಿಮ್ಮ ಜೀವ ಹೋದ್ರೆ ನನ್ನದೇನು ಉಳೀತೈತ್ರಿ?"

ಆಡಿದ ಮೇಲೆ ತಾನು ಏನು ಆಡಿದೆ ಎಂದು ಅವಳಿಗೆ ತಿಳಿಯಿತು. ಹಿಂದಕ್ಕೆ ತಗೊಳ್ಳುವ ಮನಸ್ಸಾಗಲಿಲ್ಲ. ಕೊಟ್ರೇಶ್ ಬ್ಯಾಗು ಇಳಿಸಿ ಕುರ್ಚಿಗೆ ಕುಸಿದ. ಭೀಮೇಶನಿಗೆ ಅವಳೇ ಫೋನು ಮಾಡಿ, ನ್ಯಾಮತಿಗೆ ನೀವೇ ಹೋಗಿ, ಇವರಿಗೆ ಹುಷಾರಿಲ್ಲ ಎಂದಳು.

ಅವಳು ಫೋನು ಇಟ್ಟ ಮೇಲೆ ಅವನು ಬಾಯಿಬಿಟ್ಟ. "ಬಿಳಿಚೋಡಿನಾಗೆ ನಮ್ಮ ಸೋದರಮಾವ ಮರುಳಪ್ಪ ಅಂತ ಅದಾನೆ. ನನ್ನ ವಯಸ್ಸಿನಾಗೇ ಶುರುವಾತಂತೆ. ಮೊದಲು ಕತ್ತಲಾಗೆ ಕಾಣದಂಗಾತು, ಆಮೇಲೆ ಆಜುಬಾಜು ಕಾಣೋದೂ ಹೋತು. ಈಗ ಹಗಲೊತ್ತೂ ಗೋಡೆ ಹಿಡಕಂಡು ಓಡಾಡ್ತಾನೆ."

"ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಸಾಫ್ಟ್‌ವೇರ್ ಸರಿ ಇಲ್ಲ ಅನ್ಕಂಡ್ರೆ ಇನ್ನೊಂದು ಹಾಕಬಹುದಲ್ಲ ಟೀಚರ್. ಕಣ್ಣಿಗೆ ಏನ್ ಹಾಕಾಣ?" ಅವನು ಮುಖ ಒರೆಸಿಕೊಂಡ. "ನಿಮಗೆ ಅಜ್ಜಿ ಮೊದಲ ವಾರಾನೇ ಕಂಡಿದ್ರು. ನೀವ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಡಿವಿಡಿ ತಗಂಡು ಹೋಗಬೇಕಿತ್ತಲ್ಲ."

ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ಇನ್ನೊಂದು ವಾರ ಅವನ ಪಕ್ಕ ಕೂರುವ ಆಸೆಗೆ ಅವಳು ಸುಮ್ಮನಿದ್ದಳು. ಅಷ್ಟೂ ವಾರ ಅವನು ಈ ಕಣ್ಣಿಟ್ಟುಕೊಂಡು ಸಂಜೆ ರಸ್ತೆಗಳಲ್ಲಿ ಓಡಾಡಿದ್ದ.

"ಸೋಮವಾರ ದಾವಣಗೆರೆಗೆ ಹೋಗಾಣ, ಕಣ್ಣಿನ ಡಾಕ್ಟ್ರ ಹತ್ರ. ನಾನು ರಜೆ ಹಾಕ್ತೀನಿ."

"ಮಾವಂಗೆ ಔಷಧಿ ಇಲ್ಲ ಅಂದಿದ್ರು."

"ನಿಮಗೆ ಏನಂತಾರೋ ಕೇಳಾಣ."

"ಅದನ್ನೇ ಅಂದ್ರೆ? ನನ್ನ ಜೊತಿಗೆ ನೀವ್ಯಾಕೆ ಕತ್ತಲಾಗೆ..."

"ಮಾತು ಸಾಕು" ಎಂದಳು ಟೀಚರು.

ಹೊರಗೆ ಬೆಳಕು ಇಳಿಯುತ್ತಿತ್ತು. ಅವನು ನಾಚಿಕೊಂಡವನ ಹಾಗೆ ಹೇಳಿದ. "ನೀವು ಯಾವಾಗ್ಲೂ ಪಕ್ಕದಾಗೆ ಕೂತ್ಕಂತೀರಿ. ನೀವು ಬಂದಿದ್ದು ಬಳೆ ಸದ್ದಿಗೆ ಗೊತ್ತಾಗ್ತಿತ್ತು. ತಿರುಗಿ ಹುಡುಕಿದ್ರೆ ಎಲ್ಲಿ ನಿಮಗೆ ಅನುಮಾನ ಬರ್ತೈತೋ ಅಂತ ತಿರುಗ್ತಿರಲಿಲ್ಲ. ನೆಟ್ಟಗೆ ಎದುರಿಗೆ ಇದ್ರೆ ಇನ್ನೂ ಚೆನ್ನಾಗಿ ಕಾಣ್ತೈತ್ರಿ ನನಗೆ."

ಶಿವಲೀಲಾ ಎದ್ದು ಟ್ಯೂಬ್‌ಲೈಟ್ ಹಾಕಿದಳು. ಸ್ಟೂಲನ್ನು ಎಳೆದು ಅವನಿಗೂ ಸ್ಕ್ರೀನಿಗೂ ನಡುವೆ ಇಟ್ಟು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಅವನು ನೋಡಿದ. ಹಣೆ, ಹುಬ್ಬು, ಅತ್ತು ಕೆಂಪಾದ ಕಣ್ಣು, ಗಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ, ನಿಧಾನವಾಗಿ. ಅವಳ ಹಿಂದೆ ಅಜ್ಜಿಯ ಸೋಬಾನೆ ನಡೆದೇ ಇತ್ತು.

"ಎಷ್ಟು ಮಾರ್ಕ್ಸು?" ಎಂದಳು, ನಗಲು ನೋಡುತ್ತಾ.

"ಅವಸರ ಮಾಡಬ್ಯಾಡ್ರಿ" ಎಂದ. "ಮುಂದೆ ನೆನಪಿಂದಲೇ ನೋಡಬೇಕಾಗ್ತೈತೇನೋ. ಇದೊಂದನ್ನ ಏನೂ ಕುಗ್ಗಿಸದಂಗೆ ಇಟ್ಕಂತೀನಿ."

ಅವಳು ಅಲುಗಾಡದೆ ಕೂತಳು. ಸಾಸ್ವೆಹಳ್ಳಿಯ ಬಸ್ಸು ಹಾರನ್ ಮಾಡುತ್ತಾ ಹೊರಟು ಹೋಯಿತು.