ಕ್ಯಾಮೆರಾ ಮುಂದೆ ತೆಗೆದ ಟೋಪಿ

ಹನ್ನೊಂದು ವರ್ಷದ ಹಿಂದೆ, ಹೆಸರುಗಳೆಲ್ಲ ಇನ್ನೂ ನೆನಪಿದ್ದಾಗ, ವ್ಲಾಸ್ತಾ ಮಗನ ಕೈ ಹಿಡಿದು ಒಂದು ಮಾತು ಪಡೆದಿದ್ದಳು. “ನನಗೆ ಬುದ್ಧಿ ಹೋದ ಮೇಲೂ, ಮೈಮೇಲೆ ಬಟ್ಟೆ ಸರಿಯಿಲ್ಲದಾಗ ಹೊರಗಿನವರು ಯಾರೂ ನನ್ನನ್ನ ನೋಡಬಾರದು, ಎರ್ವಿನ್.” ಊರಿನ ಅರ್ಧದಷ್ಟು ಮದುವಣಗಿತ್ತಿಯರ ಗೌನು ಹೊಲಿದ ಕೈ ಅವಳದು. ಎರ್ವಿನ್ ಮಾತು ಕೊಟ್ಟ.

ಇದೊಂದೂ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ನನ್ನ ಅಮ್ಮ ಅಲ್ಬೀನಾಳ ತೋಳಿನ ಮೇಲೆ ಮೂಡಿದ್ದ ನಾಲ್ಕು ಬೆರಳಿನ ನೀಲಿ ಗುರುತು. ಪಾರ್ಶ್ವವಾಯು ಬಡಿದು ಅವಳ ಮಾತು ನಿಂತಿತ್ತು. ಹಿಡಿದವರು ಯಾರೆಂದು ಹೇಳಲಾರಳು. ನರ್ಸಿಂಗ್ ಹೋಮ್ ಕೋಣೆಯಲ್ಲಿ ಕ್ಯಾಮೆರಾ ಇಡಲು ಟೆಕ್ಸಸ್ಸಿನ ಕಾನೂನು ಬಿಡುತ್ತದೆ. ಆದರೆ ಪಕ್ಕದ ಹಾಸಿಗೆಯವರೂ ಸಹಿ ಹಾಕಬೇಕು. ಪಕ್ಕದ ಹಾಸಿಗೆ ವ್ಲಾಸ್ತಾಳದು, ಸಹಿ ಅವಳ ಮಗನದು. “ಅವರು ಒಪ್ತಾ ಇಲ್ಲ ಲಿಯೋನಾ, ನಾನೇನು ಮಾಡ್ಲಿ?” ಎಂದು ಮ್ಯಾನೇಜರ್ ಡೊರೀನ್ ಮೂರು ತಿಂಗಳು ಅದೇ ನಗುವಿನಲ್ಲಿ ಹೇಳಿದಳು.

ಒಂದು ಶನಿವಾರ ಕಾರಿಡಾರಿನಲ್ಲಿ ಆ ಮಗನನ್ನು ಅಡ್ಡಗಟ್ಟಿದೆ. ಪಶು ಆಹಾರದ ಗಿರಣಿಯಿಂದ ನೇರ ಬಂದಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು.

“ಸಹಿ ಹಾಕದ ಮಹಾರಾಯರು ನೀವೇನಾ?”

“ನಮ್ಮಮ್ಮನ ಸ್ನಾನ ಫೇಸ್‌ಬುಕ್ಕಿಗೆ ಹಾಕೋ ಮಹಾತಾಯಿ ನೀವೇನಾ?”

“ಯಾರು ಹೇಳಿದ್ದು?”

“ಡೊರೀನ್.”

ಇಬ್ಬರೂ ಆಫೀಸಿನ ಕಡೆ ತಿರುಗಿದೆವು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅವನು ಕೈಯಲ್ಲಿದ್ದ ಡಬ್ಬಿ ತೆರೆದ. ಏಪ್ರಿಕಾಟ್ ತುಂಬಿದ ಕೊಲಾಚಿ ಬನ್ನು, ಇನ್ನೂ ಬಿಸಿ. “ತಗೊಳ್ಳಿ. ಬೈಯೋಕೆ ಶಕ್ತಿ ಬೇಕಲ್ವಾ?”

ತಿನ್ನುತ್ತಲೇ ಬೈದೆ. ಬೆಳಿಗ್ಗೆ ಐದಕ್ಕೆ ಎದ್ದು, ಇಬ್ಬರು ಮಕ್ಕಳ ಡಬ್ಬಿ ಕಟ್ಟಿ, ಶಾಲೆಯ ಬಸ್ಸು ಓಡಿಸುವವಳಿಗೆ ಯಾರಾದರೂ ಬಿಸಿಬಿಸಿ ತಿಂಡಿ ಕೊಟ್ಟು ಎಷ್ಟು ವರ್ಷವಾಗಿತ್ತೋ. ಅವನು ನಿಂತಲ್ಲೇ ತಾಯಿಗೆ ಕೊಟ್ಟ ಮಾತಿನ ವಿಷಯ ಹೇಳಿದ. ನಾನು ಚೀಲದಲ್ಲಿದ್ದ ಕಾಗದ ಹೊರತೆಗೆದೆ.

ಒಪ್ಪಿಗೆ ಪತ್ರದಲ್ಲಿ ಷರತ್ತು ಬರೆಯಲು ಜಾಗವಿತ್ತು. ಅದನ್ನು ಅವನಿಗೆ ಯಾರೂ ತೋರಿಸಿರಲೇ ಇಲ್ಲ. ದಪ್ಪ ಅಕ್ಷರದಲ್ಲಿ ಬರೆದ: ಕ್ಯಾಮೆರಾ ಅಲ್ಬೀನಾಳ ಹಾಸಿಗೆಯ ಕಡೆ ಮಾತ್ರ, ನಡುವಿನ ಪರದೆ ಸದಾ ಎಳೆದಿರಬೇಕು. ಸಹಿ ಹಾಕಿ, ಪೆನ್ನು ನನ್ನ ಕೈಗಿಟ್ಟ. ಬೆರಳಿಗೆ ಬೆರಳು ತಾಗಿತು. ಆ ಪೆನ್ನು ಈಗಲೂ ನನ್ನ ಬಸ್ಸಿನಲ್ಲಿದೆ.

ಆಮೇಲೆ ಒಂದು ಅಭ್ಯಾಸವಾಯಿತು. ಬೆಳಗಿನ ಟ್ರಿಪ್ ಮುಗಿಸಿ ಖಾಲಿ ಬಸ್ಸಿನಲ್ಲಿ ಫೋನ್ ತೆರೆದು ಅಮ್ಮನ ಕೋಣೆ ನೋಡುತ್ತಿದ್ದೆ. ತನ್ನ ತಾಯಿಯನ್ನು ನೋಡಲು ಬಂದವನು ನನ್ನಮ್ಮನ ದಿಂಬನ್ನೂ ಸರಿಮಾಡಿ, ಕ್ಯಾಮೆರಾದತ್ತ ತಿರುಗಿ ಟೋಪಿ ತೆಗೆಯುತ್ತಿದ್ದ. ಒಂದು ಕ್ಷಣ ಹೆಚ್ಚೇ ನಿಲ್ಲುತ್ತಿದ್ದ, ಅಷ್ಟೆ. ನಾನು ಸ್ಟೀರಿಂಗ್ ಹಿಂದೆ ಕೂತು ಹದಿನೆಂಟರ ಹುಡುಗಿಯ ಹಾಗೆ ನಗುತ್ತಿದ್ದೆ.

“ಬಕ್ಕತಲೆ ಫಳಫಳ ಅಂತಿತ್ತು ಈ ವಾರ,” ಎಂದು ಭಾನುವಾರ ಛೇಡಿಸಿದೆ.

“ನಿಮಗೋಸ್ಕರ ಒರೆಸ್ಕೊಂಡು ಬಂದಿದ್ದೆ ಕಣ್ರೀ.”

ಆದರೆ ಬಾಗಿಲ ಮೇಲೆ ‘ಈ ಕೋಣೆಯಲ್ಲಿ ಕ್ಯಾಮೆರಾ ಇದೆ’ ಎಂಬ ಫಲಕ ಹಾಕಿದ ದಿನದಿಂದ ಒಳಗೆ ಬರುವ ಸಿಬ್ಬಂದಿ ಕಡಿಮೆಯಾದರು. ಕೆಟ್ಟದ್ದು ಮಾಡಲು ಹೆದರಿದವರು ಒಳ್ಳೆಯದನ್ನೂ ನಿಲ್ಲಿಸಿಬಿಟ್ಟರು. ನೀರಿನ ಲೋಟ ಮಧ್ಯಾಹ್ನದವರೆಗೂ ಖಾಲಿ. ದೂರಿದರೆ ಡೊರೀನ್ ಅಂದಳು: “ನೀವೇ ನೋಡ್ಕೋತಾ ಇದೀರಲ್ಲ, ಫೋನಲ್ಲಿ.”

ಆ ಮಂಗಳವಾರ ಬಸ್ಸು ನಿಲ್ಲಿಸಿ ಫೋನ್ ತೆರೆದೆ. ವ್ಲಾಸ್ತಾ ಪರದೆ ದಾಟಿ ಬಂದು ನನ್ನಮ್ಮನ ಮಂಚದ ಬುಡದಲ್ಲಿ ಬಿದ್ದಿದ್ದಳು. ಗೌನಿನ ದಾರಗಳು ಬಿಚ್ಚಿಹೋಗಿದ್ದವು. ಅಂಗೈಯಿಂದ ಸ್ಕ್ರೀನಿನ ಕೆಳಗಿನ ಅರ್ಧ ಮುಚ್ಚಿದೆ. ಮೇಲಿನ ಅರ್ಧದಲ್ಲಿ ನನ್ನಮ್ಮ, ಕರೆಗಂಟೆಗಾಗಿ ಕೈ ಚಾಚುತ್ತಿದ್ದಳು. ಗಂಟೆಯ ವೈರನ್ನು ಯಾರೋ ಮಂಚದ ಹಿಂದಿನ ಕಂಬಿಗೆ ಕಟ್ಟಿದ್ದರು. ಮೂರು ಗಂಟು. ಗಂಟು ಹಾಕಲು ಅವರಿಗೆ ಪುರುಸೊತ್ತಿತ್ತು.

ಆಂಬುಲೆನ್ಸಿಗೆ ಹೇಳಿದೆ, ಎರ್ವಿನ್‌ಗೆ ಹೇಳಿದೆ. ಎಷ್ಟು ಹೊತ್ತಿನಿಂದ ಬಿದ್ದಿದ್ದಾಳೆ ಎಂದು ಅಂಗೈ ತೆಗೆಯದೆಯೇ ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿದೆ. ನಲವತ್ತೊಂದು ನಿಮಿಷ. ನಡುವೆ ಒಂದು ಸಲ ಸಮವಸ್ತ್ರದ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ, ಹೋಗಿಬಿಟ್ಟಳು.

ವ್ಲಾಸ್ತಾಳ ಸೊಂಟದ ಮೂಳೆ ಮುರಿದಿತ್ತು. ನರ್ಸಿಂಗ್ ಹೋಮಿನವರು ಕಡತದಲ್ಲಿ ಬರೆದರು: ಐದು ನಿಮಿಷದೊಳಗೆ ಎತ್ತಲಾಯಿತು.

ಗುರುವಾರ, ಆಸ್ಟಿನ್ನಿನಿಂದ ರಾಜ್ಯದ ತನಿಖಾಧಿಕಾರಿ ಬಂದಾಗ, ನಾವಿಬ್ಬರೂ ಹೊರಗೆ ಎರ್ವಿನ್‌ನ ಪಿಕಪ್ ಗಾಡಿಯಲ್ಲಿ ಕೂತಿದ್ದೆವು. ಟೋಪಿ ಅವನ ತೊಡೆಯ ಮೇಲಿತ್ತು.

“ನೀವು ನೋಡಿದ್ರಾ?”

“ಕೈ ಅಡ್ಡ ಇಟ್ಕೊಂಡಿದ್ದೆ. ಬೇಕಾದಷ್ಟೇ ನೋಡಿದ್ದು.”

ಅವನು ಟೋಪಿಯ ಅಂಚು ತಿರುಗಿಸಿದ. “ವೀಡಿಯೋ ಅರ್ಧ ಮುಚ್ಚಿ ಕೊಟ್ರೆ ಅಧಿಕಾರಿಗೆ ಆಗಲ್ವಂತೆ. ಪೂರ್ತಿ ಬೇಕಂತೆ. ಬುದ್ಧಿ ಸರಿ ಇದ್ದಿದ್ರೆ ಅಮ್ಮ ಒಪ್ತಾ ಇರ್ಲಿಲ್ಲ.”

“ಹೌದು, ಒಪ್ತಾ ಇರ್ಲಿಲ್ಲ.”

“ಕೊಡದಿದ್ರೆ ಐದು ನಿಮಿಷ ಅನ್ನೋದೇ ಸತ್ಯ ಆಗತ್ತೆ. ನಾಳೆ ಇನ್ನೊಬ್ಬರ ಅಮ್ಮ.” ಕಿಟಕಿಯಾಚೆ ನೋಡುತ್ತಲೇ ಕೇಳಿದ: “ನನ್ನೊಬ್ಬನ ಕೈಲಿ ಆಗಲ್ಲ ಲಿಯೋನಾ. ಜೊತೆಗಿರ್ತೀರಾ?”

“ಇವತ್ತಾ?”

“ಇವತ್ತೂ.”

ಆ ‘ಊ’ ಎಷ್ಟು ದೂರದವರೆಗೆ ಹೋಗುತ್ತದೆಂದು ಅವನ ಕಿವಿ ಕೆಂಪಾದದ್ದೇ ಹೇಳಿತು. “ಇರ್ತೀನಿ,” ಎಂದೆ. “ಮಕ್ಕಳಿಬ್ಬರು ಇದಾರೆ, ಗಲಾಟೆ ಜಾಸ್ತಿ.”

“ನಮ್ಮನೇಲಿ ಸದ್ದೇ ಇಲ್ಲ.”

ಒಳಗೆ, ಡೊರೀನಳ ಎದುರಿಗೇ, ಫೋನನ್ನು ಅಧಿಕಾರಿಯ ಮುಂದಿಟ್ಟೆ. ಎರ್ವಿನ್ ತಾನೇ ಒತ್ತಿ ವೀಡಿಯೋ ಶುರುಮಾಡಿದ. ನಾನು ಗೋಡೆಯ ಕಡೆ ಮುಖ ಮಾಡಿ, ಅವನ ಕೈ ಹಿಡಿದು ನಿಂತೆ, ನಲವತ್ತೊಂದು ನಿಮಿಷವೂ.

ಹೊರಗಿನವರು ವ್ಲಾಸ್ತಾಳನ್ನು ನೋಡಿದರು. ಎರ್ವಿನ್ ತಾಯಿಗೆ ಕೊಟ್ಟ ಮಾತು ಮುರಿದ.