ಲಾಪೊನ ಕುರ್ಚಿ

"ಅತ್ತಿಗೆ, ಮನೆಯೆಲ್ಲ ನೋಡಿ, ಆ ಕುರ್ಚೀಲಿ ಮಾತ್ರ ಕೂರ್ಬೇಡಿ. ನನ್ನ ಕಣ್ಣು ಹೋಗಿದ್ದು ಅಲ್ಲೇ."

ನಾದಿನಿ ಜೆಮ್ಮಾಳ ಮಾತಿಗೆ ಒರ್ನೆಲ್ಲಾಗೆ ನಗು ತಡೆಯಲಾಗಲಿಲ್ಲ. "ಕುರ್ಚೀಲಿ ಕೂತ್ರೆ ಕಣ್ಣು ಹೋಗೋದಾದ್ರೆ, ಮಂಚದಲ್ಲಿ ಮಲಗಿದ್ರೆ ಏನಮ್ಮ ಹೋಗುತ್ತೆ?"

ತುರಿನ್ ನಗರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ಅವಳು. ಫುಲ್ವಿಯೊನನ್ನು ಮದುವೆಯಾಗಿ ಅರೆಝ್ಝೊ ಪಟ್ಟಣದ ಮೇಲಿನ ಈ ಬೆಟ್ಟದೂರಿಗೆ ಆಗಷ್ಟೇ ಬಂದಿದ್ದಳು. ಐನೂರು ವರ್ಷದ ಹಿಂದಿನ ಚಿತ್ರಕಾರ ಲಾಪೊನ ಮನೆಯನ್ನು ಕಾಯ್ದುಕೊಂಡು ಬಂದವರು ಫುಲ್ವಿಯೊನ ಮನೆತನದವರು. ಲಾಪೊ ಬೇರೊಬ್ಬಳನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆಯತೊಡಗಿದಾಗ ಅವನ ಹೆಂಡತಿ ಆ ಕುರ್ಚಿಗೆ ಮಾಟ ಮಾಡಿಸಿದಳೆಂದು ಊರು ನಂಬಿತ್ತು. ಫುಲ್ವಿಯೊ ಮಾತ್ರ ಹೆಂಡತಿಯ ಜೊತೆ ಸೇರಿ ನಕ್ಕಿದ್ದ.

ಆಗಸ್ಟಿನ ಮಧ್ಯಾಹ್ನ. ಊಟ ಮುಗಿಸಿದ ಊರು ಕಿಟಕಿ ಮುಚ್ಚಿಕೊಂಡು ಮಲಗಿತ್ತು. ಫುಲ್ವಿಯೊ ಅವಳನ್ನು ಮಹಡಿಯ ಚಿತ್ರಶಾಲೆಗೆ ಕರೆದೊಯ್ದ. ಮುಗ್ಗಿದ ಅಗಸೆ ಎಣ್ಣೆ, ಹಳೆಯ ಸುಣ್ಣ, ಅದರಡಿಯಲ್ಲಿ ಸುಟ್ಟ ಕೂದಲಿನ ವಾಸನೆ. ಆ ಕುರ್ಚಿಯ ಹಿಂದೆ ಗೋಡೆಗೊರಗಿಸಿದ್ದ ಹೆಣ್ಣಿನ ಚಿತ್ರದಲ್ಲಿ ಮುಖವೆಲ್ಲ ಮಸುಕು. ಕಣ್ಣು ಮಾತ್ರ ನಿನ್ನೆ ಬರೆದಷ್ಟು ಹಸಿ.

"ಕೂತ್ಕೊ, ಒಂದು ಫೋಟೊ ತೆಗೀತೀನಿ. ಜೆಮ್ಮಾಗೆ ತೋರ್ಸೋಕಾಗಲ್ಲ, ಊರೋರಿಗಾದ್ರೂ ತೋರ್ಸೋಣ."

ಅವನ ಅಂಗೈ ಒದ್ದೆಯಾಗಿತ್ತು.

"ಏನೋ ಇಷ್ಟು ಬೆವರು?"

"ಸೆಕೆ ಕಣೇ."

ಕೂತಳು. ಮರ ಕಿರುಗುಟ್ಟಿತು. ಕೊರಳ ಹಿಂದೆ ಯಾರೋ ಉಸಿರು ಬಿಟ್ಟರು. ತಣ್ಣಗಿನ ಉಸಿರು. ಕಿಟಕಿ ಮಾಸಿತು. ಗೋಡೆ ಮಾಸಿತು. ಗಂಡನ ಮುಖ ಕರಗಿತು. ಕತ್ತಲು.

"ಫುಲ್ವಿಯೊ! ಏನೂ ಕಾಣ್ತಿಲ್ಲ! ಕೈ ಕೊಡೋ!"

ಕೈ ಬರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಪಾತ್ರೆ ಉರುಳಿತು. ಜೆಮ್ಮಾ ಕಿರುಚಿದಳು: "ಅಣ್ಣಾ! ಕಾಣ್ತಿದೆ! ನಂಗೆ ಕಾಣ್ತಿದೆ!"

ಬಾಗಿಲ ಬಳಿಯಿಂದ ಫುಲ್ವಿಯೊನ ದನಿ ಬಂತು. "ಇನ್ನೊಬ್ಬಳು ಕೂತ್ರೆ ಮೊದಲಿನವಳಿಗೆ ಕಣ್ಣು ಬರುತ್ತೆ ಅಂದಿದ್ರು. ಅವಳು ನನ್ನ ತಂಗಿ, ಒರ್ನೆ."

"ನಾನ್ಯಾರು?"



ಮೆಟ್ಟಿಲ ಮೇಲೆ ಓಡುವ ಹೆಜ್ಜೆ. ಜೆಮ್ಮಾ ಬಂದು ಅವಳ ಕೈ ಹಿಡಿದಳು. ಬಿಕ್ಕುತ್ತಿದ್ದಳು. "ಬೇಡ ಅಂದಿದ್ದೆ ಅಲ್ವಾ ಅತ್ತಿಗೆ! ಏಳಿ. ನಾನೇ ವಾಪಸ್ ಕೂರ್ತೀನಿ. ಏಳಿ!"

ಒರ್ನೆಲ್ಲಾ ತಡವರಿಸುತ್ತ ಎದ್ದು ಪಕ್ಕಕ್ಕೆ ಸರಿದಳು. ಮರದ ಕಿರುಗುಟ್ಟುವಿಕೆಗಾಗಿ ಮೈಯೆಲ್ಲ ಕಿವಿಯಾಗಿ ಕಾದಳು.

ಸದ್ದಿಲ್ಲ.

ಬೆರಳುಗಳು ಒಂದೊಂದಾಗಿ ಅವಳ ಕೈಯಿಂದ ಬಿಡಿಸಿಕೊಂಡವು. ಹೆಜ್ಜೆಗಳು ದೂರ ಸರಿದವು. ಯಾರೋ ಕಿಟಕಿ ತೆರೆದರು. ಬಿಸಿಲು ಕೆನ್ನೆಗೆ ತಾಗಿತು.

"ಅಣ್ಣಾ," ಜೆಮ್ಮಾ ಮೆಲ್ಲನೆ ಕೇಳಿದಳು, "ಆ ಅಂಜೂರದ ಗಿಡ ಇಷ್ಟು ಎತ್ತರ ಬೆಳೆದಿದ್ಯಾ?"