ಕೆಂಪು ಪೆನ್ನಿನ ಗೆರೆ

"ಮೊದಲು ನೀನು ನೆಕ್ಕು. ಆಮೇಲೆ ನನಗೆ ಕೊಡು."

ಅತ್ತೆಯ ಮಾತಿಗೆ ಚಮಚ ಹಿಡಿದಿದ್ದ ಸೊಸೆ ತಲೆಯೆತ್ತಿ ನೋಡಿದಳು. ಔಷಧಿಯಲ್ಲಿ ವಿಷ ಬೆರೆಸುವವಳು ಎಂದಲ್ಲವೇ ಇದರ ಅರ್ಥ! ಎದುರಿಗೇ ಕುಳಿತಿದ್ದ ಗಂಡ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಕಿವಿ ಕೇಳದವನಂತೆ ಕಟ್ಟುತ್ತಲೇ ಇದ್ದ. ಅವಳು ಜೇನಿನಲ್ಲಿ ಕಲಸಿದ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ, ಉಳಿದದ್ದನ್ನು ಅತ್ತೆಯ ಬಾಯಿಗೆ ಹಿಡಿದಳು. ಅಂದಿನಿಂದ ಅದೇ ಆ ಮನೆಯ ಕಟ್ಟಳೆಯಾಯಿತು.

ಅತ್ತೆ ಮೂವತ್ತು ವರ್ಷ ಶಾಲೆಯ ಹೆಡ್‌ಮಿಸ್ ಆಗಿದ್ದವರು. ನಿವೃತ್ತರಾದರೂ ಕೆಂಪು ಪೆನ್ನು ಬಿಟ್ಟಿರಲಿಲ್ಲ. ಸೊಸೆ ಬರೆದ ಸಾಮಾನಿನ ಚೀಟಿಯನ್ನೂ ತಿದ್ದುತ್ತಿದ್ದರು. ಅಂಥವರ ಮೂಳೆಯ ಮಜ್ಜೆಗೆ ಕ್ಯಾನ್ಸರ್ ಹಿಡಿಯಿತು. ಡಾಕ್ಟರು ಬಿಡಿಸಿ ಹೇಳಿದ್ದರಂತೆ: ಈ ರೋಗ ತನ್ನ ಹೊಟ್ಟೆ ಹೊರೆಯಲು ಮಜ್ಜೆಯಲ್ಲಿ ಹೊಸ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ, ಆ ನಾಳಗಳು ಬೆಳೆಯದಂತೆ ತಡೆದರೆ ಅನ್ನನೀರಿಲ್ಲದೆ ಸೊರಗುತ್ತದೆ, ಈ ಕ್ಯಾಪ್ಸೂಲಿನ ಕೆಲಸಗಳಲ್ಲಿ ಅದೂ ಒಂದು. ಜೊತೆಗೆ ಕೊಟ್ಟ ಕಾಗದವನ್ನು ಅತ್ತೆ ಮಗನ ಕೈಗೂ ಕೊಡಲಿಲ್ಲ. ಓದುವ ಕೆಲಸ ನನ್ನದು ಎಂದರು. ಡಬ್ಬಿ ಅವರ ದಿಂಬಿನಡಿ ಸೇರಿತು. ಬೆಳಿಗ್ಗೆಗೊಂದು ಕ್ಯಾಪ್ಸೂಲು ಹೊರಬರುತ್ತಿತ್ತು. ಗಂಟಲಿನಲ್ಲಿ ಇಳಿಯುವುದಿಲ್ಲ, ಒಡೆದು ಜೇನಿನಲ್ಲಿ ಕಲಸು ಎಂಬ ಅಪ್ಪಣೆಯೂ ಅದರ ಜೊತೆಗೇ ಬರುತ್ತಿತ್ತು.

ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. "ತೂತು ಕೊಡ" ಎಂದು ಅತ್ತೆ ಬಂದವರೆದುರು ನಕ್ಕಿದ್ದರು. ಹಾಗಾಗಿ ಮೂರನೆಯದನ್ನು ಅವಳು ಯಾರಿಗೂ ಹೇಳಲಿಲ್ಲ. ಗಂಡನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅವನ ತಾಯಿಯ ಕಿವಿಗೆ ಬೀಳುತ್ತಿತ್ತು. ನಾಲ್ಕು ತಿಂಗಳು ದಾಟಲಿ, ಸ್ಕ್ಯಾನ್ ಆಗಲಿ, ಆಮೇಲೆ ತಲೆಯೆತ್ತಿ ಹೇಳುತ್ತೇನೆ... ಎಂದುಕೊಂಡು, ಉಳಿದ ತುಂಡು ಬಟ್ಟೆಯಲ್ಲಿ ಒಂದು ಪುಟ್ಟ ಅಂಗಿ ಹೊಲಿದು ಯಂತ್ರದ ಡ್ರಾಯರಿನಲ್ಲಿ ಬಚ್ಚಿಟ್ಟಳು.

ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರಮ್ಮ ಪರದೆಯ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಯಾವ ಔಷಧಿ ತಗೊಂಡೆ ಎಂದು ಕೇಳಿದರು. ಯಾವುದೂ ಇಲ್ಲ ಎಂದವಳಿಗೆ ಚಮಚ ನೆನಪಾಯಿತು. ಅತ್ತೆಯ ಕ್ಯಾಪ್ಸೂಲಿನ ಮೇಲೆ ಅಚ್ಚಾಗಿದ್ದ ಹೆಸರು ಹೇಳಿದಳು.

"ರಕ್ತನಾಳ ಬೆಳೀಬೇಕಾದ್ದು ರೋಗಕ್ಕೆ ಮಾತ್ರ ಅಲ್ಲಮ್ಮ, ಮಗುವಿಗೂ ಬೆಳೀಬೇಕು," ಎಂದರು ಡಾಕ್ಟರಮ್ಮ. "ಮಗುವಿನ ಎರಡು ಕೈಯೂ ಭುಜದ ಹತ್ತಿರವೇ ನಿಂತುಹೋಗಿವೆ. ಇದರಿಂದಲೇ ಅಂತ ಆಣೆ ಮಾಡಿ ಹೇಳಲಾರೆ. ಆದ್ರೆ ಔಷಧಿ ಜೊತೆ ಕೊಡೋ ಎಚ್ಚರಿಕೆ ಕಾಗದ ಯಾರೂ ಓದಲಿಲ್ವಾ?"

ಓದಿದ್ದರು. ಮನೆಗೆ ಬಂದು ಕೇಳಿದಾಗ ಅತ್ತೆ ದಿಂಬಿನಡಿಯಿಂದ ತೆಗೆದುಕೊಟ್ಟರು. ಇಡಿಯಾಗಿ ನುಂಗಬೇಕು, ಒಡೆಯಬಾರದು, ಗರ್ಭಿಣಿಯರು ಮುಟ್ಟಲೂಬಾರದು... ಮೂರು ಸಾಲಿನ ಕೆಳಗೂ ಕೆಂಪು ಗೆರೆ. ಕೊನೆಯ ಸಾಲಿನ ಪಕ್ಕದಲ್ಲಿ ಮುತ್ತಿನಂಥ ಅಕ್ಷರ: "ನಮ್ಮ ಮನೆಗೆ ಅನ್ವಯಿಸುವುದಿಲ್ಲ."

"ಅತ್ತೆ, ಒಂದು ಮಾತು ನನಗೆ ಹೇಳಬಾರದಿತ್ತಾ?"

"ನಿನ್ನಲ್ಲಿ ನಿಲ್ಲುತ್ತೆ ಅಂತ ಯಾರಿಗೆ ಗೊತ್ತಿತ್ತು? ನೀನು ಹೇಳಿದ್ಯಾ?"

ಅವಳು ಗಂಡನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಬಾಯಿಂದ ಬಂದದ್ದು ತಾಯಿಯ ಮಾತೇ. ಅಮ್ಮನಿಗೆ ಕಾಯಿಲೆ, ಪಾಪ. ಮುಚ್ಚಿಟ್ಟವಳು ನೀನು, ತಪ್ಪು ನಿನ್ನದಲ್ಲವೇ ಎಂದ. ಆ ವಾರವೇ ಅತ್ತೆಯ ರಿಪೋರ್ಟೂ ಬಂತು. ರೋಗ ಅರ್ಧಕ್ಕರ್ಧ ಇಳಿದಿತ್ತು.

ಮರುದಿನ ಬೆಳಿಗ್ಗೆ ಸೊಸೆ ಒಂದು ಲೋಟ ನೀರು ತಂದು ಅತ್ತೆಯ ಮುಂದಿಟ್ಟಳು. ಇನ್ನು ಆ ಕ್ಯಾಪ್ಸೂಲು ಮುಟ್ಟುವುದಿಲ್ಲ ಎಂದಳು. ಅತ್ತೆ ಮಗನತ್ತ ನೋಡಿದರು. ಅವನು ಬಗ್ಗಿ ಬೂಟಿನ ದಾರ ಹುಡುಕುತ್ತಿದ್ದ. ಅವರು ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದರು. ಸಲೀಸಾಗಿ ಇಳಿಯಿತು. ಒಂದು ಕೆಮ್ಮೂ ಬರಲಿಲ್ಲ.

ಸೊಸೆ ಅದನ್ನು ಕಣ್ಣಾರೆ ನೋಡಿದಳು. ಯಂತ್ರದ ಮುಂದೆ ಕುಳಿತು, ಡ್ರಾಯರಿನಿಂದ ಪುಟ್ಟ ಅಂಗಿಯನ್ನು ತೆಗೆದು, ಅದರ ತೋಳುಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.